ಕೊಳೆತ ಬೂತಾಯಿ

ಪರದೆಯ ಮೇಲೆ ಹೀರೋಯಿನ್‌ನ ತಂಗಿ ಐಸ್‌ಕ್ರೀಮ್ ಅಂಗಡಿಯಲ್ಲಿ ಕೂತು "ಗ... ಗ... ಗ..." ಎಂದು ತಡವರಿಸುತ್ತಿದ್ದಳು. ಆರ್ಡರ್ ಬರೆಯಲು ನಿಂತ ವೇಯ್ಟರ್ ಗೋಡೆಗೊರಗಿ ಗೊರಕೆ ಹೊಡೆದ. ಅವಳು ಕಡೆಗೂ "ಗಡ್‌ಬಡ್" ಎನ್ನುವಷ್ಟರಲ್ಲಿ ಅವನಿಗೆ ಮೊಣಕಾಲಿನ ತನಕ ಬಿಳಿಗಡ್ಡ ಬೆಳೆದಿತ್ತು. ಥಿಯೇಟರಿಗೆ ಥಿಯೇಟರೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಶಶಿಪ್ರಭಾಳ ಬಾಯಲ್ಲಿದ್ದ ಪಾಪ್‌ಕಾರ್ನ್ ಅಲ್ಲೇ ಉಳಿಯಿತು. ಬೆಣ್ಣೆಯ ವಾಸನೆ ತಟ್ಟನೆ ಹೇಸಿಗೆ ಹುಟ್ಟಿಸಿತು. ಪಕ್ಕಕ್ಕೆ ತಿರುಗಿ ನೋಡಲು ಧೈರ್ಯವಾಗಲಿಲ್ಲ. ಪಕ್ಕದಲ್ಲಿ ಕೂತಿದ್ದವಳು ಮಗಳು ತೃಷಾ. ಒಂಬತ್ತನೇ ಕ್ಲಾಸು, ಎರಡು ಜಡೆ, ಮಾತು ಸಿಕ್ಕಿಕೊಂಡಾಗ ಎಡಗಿವಿಯ ಓಲೆ ಹಿಡಿದು ಎಳೆಯುವ ಅಭ್ಯಾಸ. ಪರದೆಯ ಹುಡುಗಿಗೂ ಎರಡು ಜಡೆ. ಅವಳೂ ಎಡಗಿವಿಯ ಓಲೆಯನ್ನೇ ಎಳೆಯುತ್ತಿದ್ದಳು.

ಕಳೆದ ವರ್ಷ ತೃಷಾಳ ಹುಟ್ಟುಹಬ್ಬಕ್ಕೆ ಭಾವನ ಮಗ ಶೋಭಿತ್ ಅವರಿಬ್ಬರನ್ನೂ ಐಸ್‌ಕ್ರೀಮ್ ತಿನ್ನಿಸಲು ಕರೆದುಕೊಂಡು ಹೋಗಿದ್ದ. ಗಡ್‌ಬಡ್ ಎನ್ನಲು ತೃಷಾ ಪಾಡುಪಟ್ಟಾಗ ಅವನು ನಗಲಿಲ್ಲ, ಸುಮ್ಮನೆ ನೋಡುತ್ತಿದ್ದ. ಎಷ್ಟು ಒಳ್ಳೆಯ ಹುಡುಗ ಎಂದು ಶಶಿಪ್ರಭಾ ಮನಸ್ಸಿನಲ್ಲೇ ಹರಸಿದ್ದಳು. ಈಗ ಅವನು ನಿರ್ದೇಶಿಸಿದ ಮೊದಲ ತುಳು ಸಿನಿಮಾದ ಮೊದಲ ಶೋ. ಸೀಟಿನಲ್ಲಿದ್ದವರಲ್ಲಿ ಅರ್ಧ ನೆಂಟರು, ಅರ್ಧ ಕೊಟ್ಟಾರದಲ್ಲಿರುವ ಭಾವನ ಹೋಟೆಲಿನ ಕೆಲಸದವರು. ಶಶಿಪ್ರಭಾ ಎರಡೂ ಹೌದು. ಗಂಡ ತೀರಿಕೊಂಡ ಮೇಲೆ ಅಣ್ಣು ಭಾವನೇ ಹೋಟೆಲಿನಲ್ಲಿ ಸೂಪರ್‌ವೈಸರ್ ಕೆಲಸ ಕೊಟ್ಟವರು. ಶಕ್ತಿನಗರದಲ್ಲಿ ತಾಯಿ ಮಗಳು ಇರುವ ಫ್ಲ್ಯಾಟೂ ಅವರದ್ದೇ.

ಆ ಫ್ಲ್ಯಾಟಿನ ಅಡುಗೆಮನೆಯಲ್ಲಿ ಭಾನುವಾರಗಳಿಗೊಂದು ಕ್ರಮವಿತ್ತು. ಶಶಿಪ್ರಭಾ ಮೀನು ತೊಳೆಯುವಾಗ ತೃಷಾ ಪಕ್ಕದ ಕಟ್ಟೆಯ ಮೇಲೆ ಕೂತು, ಆ ವಾರ ಓದಿದ್ದು ನೋಡಿದ್ದರ ಬಗ್ಗೆ ಮೀನಿನ ಹೆಸರಿನಲ್ಲೇ ತೀರ್ಪು ಕೊಡುತ್ತಿದ್ದಳು. ತುಂಬ ಹಿಡಿಸಿದರೆ ಅಂಜಲ್. ಪರವಾಗಿಲ್ಲ ಎಂದರೆ ಬಂಗುಡೆ. ಬೆಕ್ಕೂ ಮೂಸದಂಥದ್ದಾದರೆ ಕೊಳೆತ ಬೂತಾಯಿ. ಹೋದ ವಾರ ಪತ್ತೇದಾರಿ ಅಜ್ಜಿಯ ಪುಸ್ತಕವೊಂದಕ್ಕೆ ಅಂಜಲ್ ಸಿಕ್ಕಿತ್ತು, "ಕೊನೆಯ ಪುಟ ಹರಿದು ಬಿಸಾಡಿದ್ರೆ ಮಾತ್ರ" ಎಂಬ ಷರತ್ತಿನೊಂದಿಗೆ. ಅಲ್ಲಿ ಇದ್ದದ್ದು ಒಂದೇ ನಿಯಮ: ತೃಷಾಳ ಮಾತು ಎಷ್ಟೇ ಸಿಕ್ಕಿಕೊಂಡರೂ ಅಮ್ಮ ಪದ ಎತ್ತಿ ಕೊಡಬಾರದು. ಕಾಯಬೇಕು.

ಶೋ ಮುಗಿದು ಹೊರಗೆ ಬಂದರೆ ಬಾಗಿಲಲ್ಲೇ ಕ್ಯಾಮೆರಾ. ಜೋನ್ ಎಂಬ ಯೂಟ್ಯೂಬಿನವ ಬಂದವರ ಬಾಯಿಗೆಲ್ಲ ಮೈಕ್ ಹಿಡಿದು ಅಭಿಪ್ರಾಯ ಕೇಳುತ್ತಿದ್ದ. ಇಂಟರ್ವಲ್ ಆದ ಮೇಲೆ ಬಾಯಿ ತೆರೆದು ನಿದ್ದೆ ಹೋಗಿದ್ದ ಹೋಟೆಲಿನ ಮ್ಯಾನೇಜರ್ ಕೌಶಲ್, "ಸೆಕೆಂಡ್ ಹಾಫ್ ಬೆಂಕಿ ಮಾರಾಯ್ರೆ! ನಗಾಡಿ ನಗಾಡಿ ಸಾಕಾಯ್ತು. ಫ್ಯಾಮಿಲಿ ಒಟ್ಟಿಗೆ ಬನ್ನಿ!" ಎಂದ. ಅವನ ಹಿಂದಿನವನೂ ಅದನ್ನೇ ಹೇಳಿದ, ಅವನ ಹಿಂದಿನವಳೂ. ಒಬ್ಬರು ಜಗಿದದ್ದನ್ನೇ ಇನ್ನೊಬ್ಬರು ಬಾಯಿಗೆ ಹಾಕಿಕೊಂಡಂತೆ.

"ಚಿಕ್ಕಮ್ಮ, ಬನ್ನಿ ಬನ್ನಿ!" ಶೋಭಿತ್ ಅವಳ ತೋಳು ಹಿಡಿದ. "ಹೆಚ್ಚೆಂತ ಬೇಡ. ಫ್ಯಾಮಿಲಿ ಪಿಕ್ಚರ್ ಅಂತ ಒಂದು ಮಾತು ಹೇಳಿ. ಹೆಂಗಸರು ಹೇಳಿದ್ರೆ ಹೆಂಗಸರು ಬರ್ತಾರೆ."

"ಆ ಐಸ್‌ಕ್ರೀಮ್ ಸೀನು..." ಶಶಿಪ್ರಭಾ ದನಿ ತಗ್ಗಿಸಿದಳು. "ಅದು ನಮ್ಮ ತೃಷಾ ಅಲ್ವಾ?"

"ಅಯ್ಯೋ, ಕಾಮಿಡಿ ಅಲ್ವಾ ಚಿಕ್ಕಮ್ಮ! ಇಡೀ ಪಿಕ್ಚರಲ್ಲಿ ಜಾಸ್ತಿ ನಗು ಬಂದದ್ದೇ ಅಲ್ಲಿ. ಅವಳಿಗೂ ಖುಷಿ ಆಗಿರ್ಬೇಕು, ಫೇಮಸ್ ಆದಳಲ್ಲ!" ಎಂದ, ಪುದೀನಾ ಚ್ಯೂಯಿಂಗ್ ಗಮ್ ಅಗಿಯುತ್ತ. ತೋಳಿನ ಮೇಲಿದ್ದ ಅವನ ಬೆವರುಗೈ ಕೊಡವಿ ಹಾಕಬೇಕೆನಿಸಿತು.

"ಬೇಗ ಹೇಳು ಶಶಿ, ಹಿಂದೆ ಜನ ಉಂಟು" ಎಂದರು ಅಣ್ಣು ಭಾವ. ಹೋಟೆಲಿನಲ್ಲಿ ಬಿಲ್ಲು ತಡವಾದಾಗ ಹೇಳುವುದೂ ಅದೇ ದನಿಯಲ್ಲಿ.

ಮೈಕ್ ಮೂಗಿನ ಹತ್ತಿರ ಬಂತು. ಅದಕ್ಕೆ ಹತ್ತು ಬಾಯಿಗಳ ಎಂಜಲು ವಾಸನೆ. ಮೀನು ಫ್ರೆಶ್ ಉಂಟಾ ಎಂದು ಗಿರಾಕಿಗಳು ಕೇಳಿದಾಗಲೆಲ್ಲ, ವಾರದಿಂದ ಐಸಿನಲ್ಲಿದ್ದದ್ದಕ್ಕೂ "ಇವತ್ತಿನದ್ದೇ" ಎಂದು ಹೇಳಿ ಹೇಳಿ ಪಳಗಿದ ನಾಲಗೆ ಅದು, ಅದರಷ್ಟಕ್ಕೇ ಹೊರಳಿತು.

"ಸಿನಿಮಾ ಒಳ್ಳೆ..."

ಅಷ್ಟರಲ್ಲಿ ತೃಷಾ ಮುಂದೆ ಬಂದು ಮೈಕ್ ತನ್ನ ಕಡೆಗೆ ಎಳೆದುಕೊಂಡಳು. "ನಾ-ನಾನು ಹೇಳ್ತೇನೆ. ಸಿ-ಸಿನಿಮಾ... ಕೊ... ಕೊ... ಕೊ..." ಕೈ ಓಲೆಗೆ ಹೋಯಿತು.

ಜೋನನ ಮುಖ ಅರಳಿತು. "ಯಬ್ಬಾ! ನೋಡಿ ಫ್ರೆಂಡ್ಸ್, ಹೀರೋಯಿನ್ ತಂಗಿದ್ದು ಸೇಮ್ ಟು ಸೇಮ್ ಮಾಡ್ತಾಳೆ! ಓಲೆ ಎಳೆಯುವುದು ಸಹ! ಸೂಪರ್ ಆ್ಯಕ್ಟಿಂಗ್!"

ಸುತ್ತ ನಿಂತವರು ಚಪ್ಪಾಳೆ ಹೊಡೆದರು. ಕೌಶಲ್ ಶಿಳ್ಳೆ ಹಾಕಿದ. ಆ್ಯಕ್ಟಿಂಗ್ ಅಲ್ಲವೆಂದು ಶೋಭಿತ್‌ಗೆ ಗೊತ್ತಿತ್ತು. ಒಂದು ಗಳಿಗೆ ಮುಖ ಬಿಳುಚಿಕೊಂಡಿತು. ಮರುಗಳಿಗೆ ಕ್ಯಾಮೆರಾ ತನ್ನ ಕಡೆ ತಿರುಗಿದ್ದು ಕಂಡು ಅವನೂ ಹಲ್ಲು ಬಿಟ್ಟ, ಅವನೂ ಚಪ್ಪಾಳೆ ಹೊಡೆದ. ಶಶಿಪ್ರಭಾಳಿಗೆ ಗಂಟಲಿನ ತನಕ ಕಹಿ ಬಂತು. ಆ ಕಹಿಯಲ್ಲಿ ತಾನು ಅರ್ಧಕ್ಕೆ ಬಿಟ್ಟ "ಒಳ್ಳೆ"ಯೂ ಇತ್ತು.

ಜೋನ್ ಮೈಕ್ ಹಿಂದಕ್ಕೆ ತೆಗೆಯಹೋದ. ಅವನ ಮಣಿಕಟ್ಟನ್ನು ಶಶಿಪ್ರಭಾ ಗಟ್ಟಿಯಾಗಿ ಹಿಡಿದಳು.

"ಅಲ್ಲೇ ಹಿಡಿಯಿರಿ. ಅವಳದ್ದು ಮುಗೀಲಿಲ್ಲ."

"ಸಾಕು ಅಕ್ಕ, ಆ್ಯಕ್ಟಿಂಗ್ ಭಾರೀ ಲಾಯ್ಕ..."

"ಎಂತ ಆ್ಯಕ್ಟಿಂಗ್? ನನ್ನ ಮಗಳು ಮಾತಾಡುವುದೇ ಹೀಗೆ. ಆ್ಯಕ್ಟ್ ಮಾಡಿದ್ದು ಇವಳಲ್ಲ, ಇವಳನ್ನು ನೋಡಿ ನಿಮ್ಮ ಸಿನಿಮಾದವರು."

ಚಪ್ಪಾಳೆ ಒಂದೊಂದಾಗಿ ನಿಂತಿತು. ಕೌಶಲ್ ತನ್ನ ಚಪ್ಪಲಿ ನೋಡತೊಡಗಿದ. ತೃಷಾ ಓಲೆ ಹಿಡಿದುಕೊಂಡೇ ಇದ್ದಳು.

"ಕೊ-ಕೊಳೆತ... ಬೂ... ಬೂ..."

ಯಾರಾದರೂ ಪದ ಎತ್ತಿ ಕೊಟ್ಟಾರೆಂದು ಶಶಿಪ್ರಭಾ ಸುತ್ತ ದುರುಗುಟ್ಟಿ ನೋಡಿದಳು.

"ಬೂತಾಯಿ."

ಮೆಟ್ಟಿಲಿಳಿಯುವಾಗ ಅಣ್ಣು ಭಾವ ಅವಳ ಮುಖ ನೋಡದೆ ಹೇಳಿದರು, "ನಾಳೆ ಹೋಟೆಲಿಗೆ ಬಂದ ಕೂಡ್ಲೆ ನನ್ನನ್ನು ಕಾಣು."

"ಕಾಣ್ತೇನೆ ಭಾವ."

ಮಧ್ಯಾಹ್ನದ ಬಿಸಿಲಿಗೆ ಸ್ಕೂಟರಿನ ಸೀಟು ಸುಡುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ತೃಷಾ ಹಿಂದಿನಿಂದ ಹೇಳಿದಳು, "ಅಮ್ಮ, ಒಂದು ಶಾಟ್ ಮಾತ್ರ ಅಂ-ಅಂಜಲ್. ಆ ಬೀಚಿಂದು."

"ಹೌದಾ? ಯಾಕೆ?"

"ಯಾಕೇಂದ್ರೆ ಅಲ್ಲಿ ಯಾರೂ ಮಾ... ಮಾ... ಮಾ..."

ಹಸಿರು ದೀಪ ಬಂತು. ಹಿಂದಿನ ಬಸ್ಸು ಕಿವಿ ಹರಿಯುವಂತೆ ಹಾರ್ನ್ ಹೊಡೆಯಿತು. ಕಂಡಕ್ಟರ್ ಬಾಗಿಲಿಗೆ ಬಡಿದು "ಪೋಯಿ, ಪೋಯಿ!" ಎಂದು ಕೂಗಿದ. ಶಶಿಪ್ರಭಾ ಎರಡೂ ಕಾಲು ರಸ್ತೆಗೂರಿ ನಿಂತೇ ಇದ್ದಳು. ಕನ್ನಡಿಯಲ್ಲಿ ಮಗಳ ಬೆರಳು ಓಲೆಯ ಮೇಲಿತ್ತು.