ಕೊಡೆ ಸಾಹೇಬ ಮತ್ತು ಪಾರ್ಲರಕ್ಕನ ತಮ್ಮ

ಪಾರ್ಲರಕ್ಕನ ಎದುರು ದೇವರನ್ನು ಬೈದರೂ ನಡೆಯುತ್ತಿತ್ತು, ಕೊಡೆ ಸಾಹೇಬನನ್ನು ಬೈಯುವಂತಿರಲಿಲ್ಲ. ಕೊಡೆ ಸಾಹೇಬನೆಂದರೆ ಟಿವಿ ಧಾರಾವಾಹಿಯೊಂದರ ಪತ್ತೇದಾರ. ಮನೆಯೊಳಗೂ ಕೈಯಲ್ಲಿ ಕೊಡೆ, ವರ್ಷವಿಡೀ ಒಂದೇ ಬಣ್ಣದ ಅಂಗಿ. ಯಾರೊಡನೆ ಮಾತಾಡಿದರೂ ಅವರ ಮುಖ ನೋಡದೆ ಅಂಗಿಯ ಗುಂಡಿ ನೋಡುವವನು. ಗಂಡನ ಹೆಣದ ಪಕ್ಕ ಗೋಳಾಡುತ್ತಿದ್ದ ಹೆಂಗಸಿಗೆ, "ಸ್ವಲ್ಪ ಸರಿದು ಅಳಿ, ರಕ್ತದ ಕಲೆ ಅಳಿಸಿ ಹೋಗುತ್ತೆ" ಎಂದಿದ್ದ ಮಹಾನುಭಾವ. ಅದನ್ನು ನೋಡಿ ಪಾರ್ಲರಕ್ಕ, "ಎಂಥ ನೇರ ಮನುಷ್ಯ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು.

ಅವಳ ಪಾರ್ಲರಿನಲ್ಲಿ ಟಿವಿ ಇದ್ದದ್ದು ಕುರ್ಚಿಯ ಹಿಂದಿನ ಗೋಡೆಯ ಮೇಲೆ. ಕೂದಲು ಕತ್ತರಿಸಿಕೊಳ್ಳಲು ಬಂದವರು ಕನ್ನಡಿಯಲ್ಲಿ ಉಲ್ಟಾ ಧಾರಾವಾಹಿ ನೋಡಬೇಕು. ಹಾಗೆ ನೋಡುತ್ತಿದ್ದ ಒಬ್ಬ ಸ್ಪೀಚ್ ಥೆರಪಿಸ್ಟ್ ಒಂದು ಮಧ್ಯಾಹ್ನ ತಣ್ಣಗೆ ಹೇಳಿದಳು, "ಈ ಸಾಹೇಬ್ರಿಗೆ ಆಟಿಸಂ ಇರಬೇಕು ಅಲ್ವಾ?"

ಕತ್ತರಿ ನಿಂತಿತು. "ಏನಂದ್ರಿ?"

"ಆಟಿಸಂ. ಮೆದುಳು ನಮಗಿಂತ ಸ್ವಲ್ಪ ಬೇರೆ ಥರ ಕೆಲಸ ಮಾಡುತ್ತೆ. ನಾನು ಮಾತು ಕಲಿಸೋ ಮಕ್ಕಳಲ್ಲಿ ಸುಮಾರು ಜನ ಹೀಗೇ."

"ಅವರು ಬುದ್ಧಿವಂತರು ರೀ."

"ಅಲ್ಲ ಅಂತ ಯಾರಂದ್ರು?"

ಪಾರ್ಲರಕ್ಕ ಮತ್ತೆ ಕತ್ತರಿ ಆಡಿಸಿದಳು. ಅವತ್ತು ಥೆರಪಿಸ್ಟಳ ಹಣೆಗೂದಲು ಅವಳು ಕೇಳಿದ್ದಕ್ಕಿಂತ ಎರಡು ಬೆರಳು ಮೇಲೇರಿತು.

ಕೊಡೆ ಸಾಹೇಬನಿಗೆ ಏನೂ ಆಗಿಲ್ಲವೆಂದು ಸಾಬೀತು ಮಾಡಲು ಅವಳು ಹಳೆಯ ಕಂತುಗಳನ್ನೆಲ್ಲ ಮತ್ತೆ ಹಾಕಿಕೊಂಡು ಕುಳಿತಳು. ನೋಡನೋಡುತ್ತ ಕೇಸು ತಿರುಗುಮುರುಗಾಯಿತು. ತಟ್ಟೆಯಲ್ಲಿ ಒಂದು ಪದಾರ್ಥ ಇನ್ನೊಂದಕ್ಕೆ ತಾಗಿದರೆ ಅವನು ಊಟವನ್ನೇ ಬಿಟ್ಟೇಳುತ್ತಿದ್ದ. ಯಾರಾದರೂ "ಕತ್ತು ಕೊಯ್ದರು" ಎಂದು ಗೋಳಾಡಿದರೆ ಗಾಯ ಹುಡುಕುತ್ತಿದ್ದ. ಪೊಲೀಸ್ ಇಲಾಖೆಯ ಔತಣಕೂಟದಲ್ಲಿ ಬ್ಯಾಂಡಿನವರು ಶುರುಹಚ್ಚಿಕೊಂಡೊಡನೆ ಕೋಟುಗಳನ್ನು ನೇತುಹಾಕುವ ಕೋಣೆಗೆ ನುಗ್ಗಿ, ಎರಡೂ ಕಿವಿ ಮುಚ್ಚಿಕೊಂಡು ಕೋಟುಗಳ ನಡುವೆ ನಿಂತುಬಿಟ್ಟಿದ್ದ.

ಗಿರಾಕಿಯೊಬ್ಬಳ ತಲೆಗೆ ಅರ್ಧ ಬಣ್ಣ ಹಚ್ಚಿದ್ದ ಪಾರ್ಲರಕ್ಕ ಆ ದೃಶ್ಯ ಬಂದಾಗ ಬ್ರಷ್ ಹಿಡಿದು ಹಾಗೇ ನಿಂತಳು. ಅವಳ ಮದುವೆಯಲ್ಲಿ ಫೋಟೋ ತೆಗೆಯುವ ಹೊತ್ತಿಗೆ ತಮ್ಮ ನಾಪತ್ತೆಯಾಗಿದ್ದ. ಕೊನೆಗೆ ಸಿಕ್ಕಿದ್ದು ಛತ್ರದ ಹಿಂದಿನ ಸೈಕಲ್ ಸ್ಟ್ಯಾಂಡಿನಲ್ಲಿ, ಕಿವಿ ಮುಚ್ಚಿಕೊಂಡು ಕುಕ್ಕರುಗಾಲಲ್ಲಿ. "ನನ್ನ ಮರ್ಯಾದೆ ಮೂರಾಬಟ್ಟೆ ಮಾಡ್ದೆ" ಎಂದು ಬೈದವಳು ಆಮೇಲೆ ಅವನೊಡನೆ ನೆಟ್ಟಗೆ ಮಾತಾಡಿರಲಿಲ್ಲ.

ರಾತ್ರಿಯ ಊಟಕ್ಕೆ ಕುಳಿತಾಗ ಗಂಡನಿಗೆ ಇದನ್ನೆಲ್ಲ ಹೇಳಿದಳು. ಬಸ್ ಓಡಿಸುವ ಮನುಷ್ಯ, ಸುತ್ತಿ ಬಳಸಿ ಮಾತಾಡುವುದು ಗೊತ್ತಿಲ್ಲ. "ಕೊಡೆಯವನು ಮಾಡಿದ್ರೆ ಪ್ರತಿಭೆ, ನನ್ನ ಭಾಮೈದ ಮಾಡಿದ್ರೆ ಸೊಕ್ಕು. ಚೆನ್ನಾಗಿದೆ ನಿಮ್ಮ ಮನೆ ನ್ಯಾಯ" ಎಂದು ಕೈ ತೊಳೆಯಲು ಎದ್ದ.

ಹಣೆಗೂದಲು ಸರಿಮಾಡಿಸಿಕೊಳ್ಳಲು ಥೆರಪಿಸ್ಟ್ ಮತ್ತೆ ಬಂದಾಗ ಪಾರ್ಲರಕ್ಕ ಟೀ ತರಿಸಿದಳು. "ನನ್ನ ತಮ್ಮನಿಗೂ ಅದೇ ಇರಬಹುದಾ?"

"ಧಾರಾವಾಹಿಯವನು ಬೇಜಾರು ಮಾಡ್ಕೊಳ್ಳಲ್ಲ, ಅದಕ್ಕೆ ಹೇಳ್ದೆ. ಮನುಷ್ಯರಿಗೆ ಹೀಗೆ ಕುರ್ಚಿ ಮೇಲೆ ಕೂತು ಹೆಸರಿಡೋಕಾಗಲ್ಲಮ್ಮ. ಅವರನ್ನೇ ಮಾತಾಡ್ಸಿ."

ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಲಿಫ್ಟಿನ ಕೆಳಗಿನ ಹೊಂಡಕ್ಕೆ ಇಳಿದರೆ ಯಾರೂ "ಮತ್ತೇನು ಸಮಾಚಾರ" ಎಂದು ಕೇಳುವುದಿಲ್ಲವೆಂದೇ ಆ ಕೆಲಸ ಹಿಡಿದವನು. ಪಾರ್ಲರಿಗೆ ರಜೆಯಿದ್ದ ದಿನ ಬಾ ಎಂದು ಅಕ್ಕ ಫೋನ್ ಮಾಡಿದಾಗ, "ಎಷ್ಟು ಹೊತ್ತಿಗೆ, ಯಾಕೆ, ಬೇರೆ ಯಾರ್ಯಾರು ಬರ್ತಾರೆ" ಎಂದಷ್ಟೇ ಕೇಳಿ ಒಪ್ಪಿಕೊಂಡ.

ಹೇಳಿದ ಹೊತ್ತಿಗೆ ಬಂದ. ತಲೆ ಮೇಕೆ ಮೇಯ್ದ ಹೊಲದಂತಿತ್ತು.

"ಇದೇನೋ ನಿನ್ನ ಕೂದಲು?"

"ನಾನೇ ಕತ್ತರಿಸ್ಕೊಳ್ಳೋದು. ಕಟಿಂಗ್ ಶಾಪ್‌ನೋರು ಮಾತಾಡ್ತಾರೆ. ಮಿಷನ್ ಕಿವಿ ಹತ್ರ ಗುಂಯ್ ಅನ್ನುತ್ತೆ."

"ಕೂತ್ಕೋ. ಮಿಷನ್ ಹಾಕಲ್ಲ, ಮಾತೂ ಆಡಲ್ಲ."

ಅವನು ಕುಳಿತ. ಪಾರ್ಲರಕ್ಕ ಫ್ಯಾನು ಆರಿಸಿದಳು, ಗುಂಯ್‌ಗುಡುತ್ತಿದ್ದ ಟ್ಯೂಬ್‌ಲೈಟನ್ನೂ ಆರಿಸಿ ಕಿಟಕಿಯ ಬೆಳಕಿನಲ್ಲಿ ಕತ್ತರಿ ಹಿಡಿದಳು. ಬಾಯಿ ಮುಚ್ಚಿಕೊಂಡು ಕೂದಲು ಕತ್ತರಿಸುವುದು ಅವಳ ಜನ್ಮದಲ್ಲಿ ಅದೇ ಮೊದಲು. ಗಂಟಲವರೆಗೆ ಬಂದ ಮಾತನ್ನೆಲ್ಲ ನುಂಗಿ ನುಂಗಿ ಹೊಟ್ಟೆ ಉಬ್ಬರಿಸಿತು.

ಕೊನೆಗೆ ಅವನೇ ಬಾಯಿಬಿಟ್ಟ. "ನಿನ್ನ ಮದುವೇಲಿ ಸ್ಪೀಕರ್ ಸದ್ದು ನನ್ನ ಹಲ್ಲೊಳಗೆ ಬಡೀತಿತ್ತು. ಹೇಳೋಣ ಅಂತ ಬಂದೆ. ನೀನು ಫೋಟೋಗೆ ನಗ್ತಾ ಇದ್ದೆ."

ಪಾರ್ಲರಕ್ಕನ ಕಣ್ಣು ಮಂಜಾಯಿತು. ಕತ್ತರಿ ಕಿವಿಯ ಹತ್ತಿರವಿದ್ದುದರಿಂದ ಒಂದು ಹೆಜ್ಜೆ ಹಿಂದೆ ಸರಿದಳು. "ಆಟಿಸಂ ಅಂತ ಒಂದಿದೆಯಂತೆ ಕಣೋ," ಎಂದಳು ಮೆಲ್ಲಗೆ, ಗಾಜಿನ ಲೋಟ ಎತ್ತಿಡುವಂತೆ.

"ಗೊತ್ತು. ನನಗಿದೆ. ಡಾಕ್ಟರ್ ಹೇಳಿ ಮೂರು ವರ್ಷ ಆಯ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ಲ."

ಇದಕ್ಕೆ ಸೊಕ್ಕು ಎನ್ನುವುದೋ, ನೇರ ಎನ್ನುವುದೋ? ಪಾರ್ಲರಕ್ಕ ಅವನ ಹೆಗಲ ಮೇಲಿನ ಕೂದಲು ಕೊಡವಿ, "ಅಲ್ಲ, ಕೊಡೆ ಸಾಹೇಬನನ್ನ ನೋಡಿದ್ದೀಯಾ? ಥೇಟ್ ನಿನ್ನ ಥರಾನೇ" ಎಂದಳು.

"ನೋಡಿದ್ದೀನಿ. ಇಷ್ಟ ಆಗ್ಲಿಲ್ಲ."

"ಯಾಕೋ?" ಅವಳಿಗೆ ನಿಜವಾಗಿಯೂ ನೋವಾಯಿತು.

"ಕೊನೇಲಿ ಎಲ್ಲರನ್ನೂ ಒಂದೇ ರೂಮಿಗೆ ಕರೆಸಿ ಅರ್ಧಗಂಟೆ ಭಾಷಣ ಮಾಡ್ತಾನೆ. ನಾನಾಗಿದ್ರೆ ಕೊಲೆ ಮಾಡಿದೋನಿಗೆ ಮಾತ್ರ ಫೋನ್ ಮಾಡ್ತಿದ್ದೆ."

ಪಾರ್ಲರಕ್ಕನಿಗೆ ನಗು ತಡೆಯಲಾಗಲಿಲ್ಲ. ಅಕ್ಕ ಯಾಕೆ ನಗುತ್ತಿದ್ದಾಳೆಂದು ತಿಳಿಯದೆ ತಮ್ಮ ಕನ್ನಡಿಯಲ್ಲಿ ತನ್ನ ತಲೆಯನ್ನೇ ಅತ್ತಿತ್ತ ತಿರುಗಿಸಿ ನೋಡಿಕೊಂಡ.

"ಬಲಗಡೆ ಉದ್ದ ಉಳಿದಿದೆ" ಎಂದ.

ಬೇರೆ ಗಿರಾಕಿಯಾಗಿದ್ದರೆ ಬಾಗಿಲು ತೋರಿಸುತ್ತಿದ್ದಳು. ಈಗ ಬಗ್ಗಿ ನೋಡಿದಳು. ಉದ್ದವೇ ಇತ್ತು.