ಮೈಲಪ್ಪನ ಮನೆಯ ತಟ್ಟೆ

ಹಡಗಲಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ದೇವದಾನಪ್ಪ "ಹಗರಿಬೊಮ್ಮನಹಳ್ಳೀ!" ಎಂದು ಕೂಗಿದರೆ ಹೋಟೆಲಿನಲ್ಲಿ ಮಂಡಕ್ಕಿ ತಿನ್ನುತ್ತಿದ್ದವರೂ ಎದ್ದು ಓಡಿಬರುತ್ತಿದ್ದರು. ಅಂಥ ಕಂಡಕ್ಟರು ರಿಟೈರಾದ ಮೇಲೂ ಗಂಟಲು ಇಳಿಸಿರಲಿಲ್ಲ. ಶ್ರಾವಣದಲ್ಲಿ ಲಕ್ವ ಹೊಡೆದು ಮಾತು ತೊದಲತೊಡಗಿತು ನೋಡಿ, ನಾಚಿಕೆಗೆ ಬಾಯಿಯನ್ನೇ ಹೊಲಿದುಕೊಂಡುಬಿಟ್ಟ. "ತೊದಲಿದ್ರೂ ಆಡಬೇಕ್ರಿ. ಸುಮ್ಮನ ಕುಂತ್ರ ಇರೋ ಮಾತೂ ಹೋಗ್ತೈತಿ" ಎಂದು ಡಾಕ್ಟರು ಹೇಳಿದ ದಿನದಿಂದ ಹೆಂಡತಿ ಕರುಣಮ್ಮ ಅವನ ಬಾಯಿ ಬಿಡಿಸುವ ದಾರಿ ಹುಡುಕುತ್ತಿದ್ದಳು.

ಕ್ರಿಸ್‌ಮಸ್ ಬಂತು. ಈ ಸಲ ಯಾರೂ ಬೇಡ, ಬಾಗಿಲು ಹಾಕು ಎಂದು ದೇವದಾನಪ್ಪ ಕೈಸನ್ನೆ ಮಾಡಿದ. "ಆತು ಬಿಡ್ರಿ" ಎಂದಳು ಕರುಣಮ್ಮ. ಅಷ್ಟು ಸುಲಭಕ್ಕೆ ಒಪ್ಪುವ ಹೆಂಗಸೇ ಅವಳು? ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು. ಬಾಗಿಲು ಮುಂದೆ ಮಾಡಿದಳು, ಚಿಲಕ ಹಾಕಲಿಲ್ಲ.

ಆ ಮನೆಗೊಂದು ಕಟ್ಟಳೆಯಿತ್ತು. ಹಬ್ಬದ ಕರ್ಚಿಕಾಯಿಯ ಮೊದಲ ತಟ್ಟೆ ಪಕ್ಕದ ಮನೆಯ ಮೈಲಪ್ಪನಿಗೆ. ಅದು ಹೋಗುವ ತನಕ ಮನೆಯವರು ಚೂರೂ ಬಾಯಿಗಿಡುವಂತಿಲ್ಲ. ದೇವದಾನಪ್ಪನ ಅಪ್ಪ ಎಳೆದ ಗೆರೆ ಅದು. ಒಮ್ಮೆ ಮಗಳು ಒಂದನ್ನು ಕದ್ದು ತಿಂದಳೆಂದು ಇವನು ಓಣಿಗೆಲ್ಲ ಕೇಳುವಂತೆ ಕೂಗಾಡಿದ್ದ.

ಬಾಣಲೆ ಇಳಿಸಿ ಕರುಣಮ್ಮ ಗಂಡನ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತಳು. ಒಂದು ಕರ್ಚಿಕಾಯಿ ಎತ್ತಿದಳು. ದೇವದಾನಪ್ಪನ ಕಣ್ಣು ಅಗಲವಾದವು. ಇದಕ್ಕೂ ಮಾತು ಬರದಿದ್ದರೆ ಇನ್ನು ಯಾವುದಕ್ಕೂ ಬರಲಾರದು. ಯೇಸಪ್ಪಾ, ತಪ್ಪಾತು ಎಂದು ಮನಸ್ಸಿನಲ್ಲೇ ಅಂದುಕೊಂಡು ಕಟಂ ಎಂದು ಕಡಿದಳು.

"ಏ... ಏಯ್! ಮೊ... ಮೊದ್ಲು ಮೈ... ಮೈಲಪ್ಪಗ!"

ಗೋಡೆಯಾಚೆ ಏನೋ ಪಾತ್ರೆ ಬಿದ್ದ ಸದ್ದಾಯಿತು. "ಯಾರಲೇ ನನ್ನ ಕರೆದಿದ್ದು? ಕಂಡಕ್ಟರೇನು?" ಎನ್ನುತ್ತ ಮೈಲಪ್ಪ ಬಾಗಿಲು ತಳ್ಳಿಕೊಂಡು ಬಂದೇಬಿಟ್ಟ. ಕೈಯಲ್ಲಿ ತನ್ನ ತೋಟದ ಮಲ್ಲಿಗೆ, ಚಳಿಗಾಲವಾದ್ದರಿಂದ ಒಂದೇ ಮೊಳ. "ಮುಂಜಾನಿಂದ ದಾರಿ ಕಾಯಾಕತ್ತೀನಿ. ಯಾಕೋ ಇಷ್ಟು ತಡಾ?"

ದೇವದಾನಪ್ಪ ಹೆಂಡತಿಯ ಕಡೆ ಬೆರಳು ತೋರಿಸಿದ. ಅಷ್ಟು ಸಾಲದೆನಿಸಿತು. "ಇಕಿ... ಇಕಿ ತಿಂದ್ಲೋ! ನಿನಗ ಕೊ... ಕೊಡದನ ತಿಂದ್ಲು!"

"ಹೇಳ್ರಿ, ಚಾಡಿ ಹೇಳ್ರಿ, ಊರಿಗೆಲ್ಲಾ ಹೇಳ್ರಿ!" ಕರುಣಮ್ಮನಿಗೆ ಅಳುವೂ ನಗುವೂ ಒಟ್ಟಿಗೇ ನುಗ್ಗಿಬಂದವು. ಮೈಲಪ್ಪನ ತಟ್ಟೆ ತುಂಬುತ್ತ, ಗಂಡನ ಮುಖವನ್ನೇ ನೋಡುತ್ತ, ಅವಳು ಎರಡನೆಯ ಕರ್ಚಿಕಾಯಿಯನ್ನೂ ಬಾಯಿಗಿಟ್ಟಳು.