ಕಾಲಿಗೆ ಕಟ್ಟಿದ ಗಡಿಯಾರ

ಎನ್.ಆರ್. ಕಾಲೋನಿಯ ಪಾರ್ಕಿನ ನಡಿಗೆ ಸಂಘದವರು ನೂರು ದಿನಗಳ ಸ್ಪರ್ಧೆ ಇಟ್ಟಾಗ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವರು ಸಂಕರ್ಷಣರಾಯರು. ಹೆಸರು ಕೊಡುವುದರಲ್ಲಿ ರಾಯರು ಯಾವತ್ತೂ ಮುಂದು. ಕೈಗೆ ಕಟ್ಟಿಕೊಂಡ ಗಡಿಯಾರವೇ ಹೆಜ್ಜೆ ಎಣಿಸುತ್ತದೆ, ಎಣಿಸಿದ್ದನ್ನು ಫೋನಿಗೆ ಕಳಿಸುತ್ತದೆ, ಯಾರು ಎಷ್ಟು ನಡೆದರು ಎಂಬ ಪಟ್ಟಿ ದಿನಾ ಎಲ್ಲರ ಫೋನಿನಲ್ಲೂ ಬರುತ್ತದೆ. ರಾಯರಿಗೆ ಅಂಥ ಗಡಿಯಾರವೊಂದನ್ನು ಮೈಸೂರಿನಲ್ಲಿರುವ ಮಗಳು ಆರಾಧನಾ ಅಪ್ಪನ ಅರವತ್ತರ ಶಾಂತಿಗೆ ಕೊಡಿಸಿದ್ದಳು. ಅವರು ಬೆಳಗ್ಗೆ ಐದೂಕಾಲಿಗೇ ಪಾರ್ಕಿಗೆ ಹೋಗಿ, ಒಂದು ಸುತ್ತು ಹಾಕಿ, ಬೆಂಚಿನ ಮೇಲೆ ಕೂತು ಸರ್ಕಾರವನ್ನು ಸರಿಮಾಡಿ, ಬೈ ಟೂ ಕಾಫಿ ಕುಡಿದು ಏಳಕ್ಕೆ ಮನೆಗೆ ಬರುತ್ತಿದ್ದರು. ಮೊದಲ ವಾರದ ಪಟ್ಟಿಯಲ್ಲಿ ಮೂವತ್ತೆಂಟು ಜನರಲ್ಲಿ ಅವರು ಮೂವತ್ತಾರನೆಯವರು. ಅವರ ಹಿಂದಿದ್ದ ಇಬ್ಬರಲ್ಲಿ ಒಬ್ಬರಿಗೆ ಸೊಂಟದ ಆಪರೇಷನ್ ಆಗಿತ್ತು, ಇನ್ನೊಬ್ಬರು ಕಾಶಿಗೆ ಹೋಗಿದ್ದರು.

ರಾಯರ ಹೆಂಡತಿ ಹೇಮಶ್ರೀಗೆ ಈ ಪಟ್ಟಿಯ ಗೊಡವೆ ಬೇಕಿರಲಿಲ್ಲ. ಅವಳಿಗೆ ಇದ್ದದ್ದು ಇಪ್ಪತ್ತೆರಡು ಮೆಟ್ಟಿಲುಗಳ ಗೊಡವೆ. ಕೆಳಗೆ ಅಡಿಗೆಮನೆ, ಮೇಲೆ ದೇವರ ಮನೆ ಮತ್ತು ಅತ್ತೆ ಭಾಗೀರಥಮ್ಮನವರ ಕೋಣೆ, ಅದರ ಮೇಲೆ ಮಡಿಬಟ್ಟೆ ಒಣಹಾಕುವ ತಾರಸಿ. ಎಂಬತ್ತನಾಲ್ಕರ ಭಾಗೀರಥಮ್ಮನವರಿಗೆ ಕಾಲು ಸೋತಿದ್ದರೂ ಮಡಿ ಸೋತಿರಲಿಲ್ಲ. ಮಡಿನೀರು, ಕಾಫಿ, ಹೂವು, ತಿಂಡಿ, ಹನ್ನೆರಡೂವರೆಗೆ ಸರಿಯಾಗಿ ಊಟದ ಎಲೆ, ಎಲ್ಲವೂ ಹೇಮಶ್ರೀಯ ಕೈಯಲ್ಲೇ ಹತ್ತಬೇಕು, ಅವಳ ಕೈಯಲ್ಲೇ ಇಳಿಯಬೇಕು.

ಒಂದು ದಿನ ರಾಯರು ಸ್ನಾನಕ್ಕೆ ಹೋಗುವಾಗ ಗಡಿಯಾರವನ್ನು ನೀರಿನ ತೊಟ್ಟಿಯ ಅಂಚಿನಲ್ಲಿ ಬಿಚ್ಚಿಟ್ಟರು. ಒದ್ದೆಯಾದೀತು ಎಂದು ಹೇಮಶ್ರೀ ಅದನ್ನೆತ್ತಿ ತನ್ನ ಕೈಗೆ ಹಾಕಿಕೊಂಡವಳು ಹಾಗೇ ಮರೆತಳು. ಹನ್ನೊಂದು ಗಂಟೆಗೆ ಫೋನು ನೋಡಿದ ರಾಯರು ಹಜಾರದಿಂದಲೇ ಕೂಗಿದರು.

“ಹೇಮಾ! ಏಳು ಸಾವಿರದ ನಾನೂರು! ಏನ್ ಮಾಡ್ದೆ ನೀನು?”

“ಏನೂ ಮಾಡ್ಲಿಲ್ವಲ್ಲ. ಕೆಲಸ ಮಾಡ್ತಿದ್ದೆ ಅಷ್ಟೇ.”

ನಿಧಿಯ ಕೊಪ್ಪರಿಗೆ ಸಿಕ್ಕವರ ಮುಖವಾಯಿತು ರಾಯರದು. ಮರುದಿನದಿಂದ ಗಡಿಯಾರ ಅವಳ ಪಾಲಿಗೆ ಬಂತು. ಆದರೆ ಭಾಗೀರಥಮ್ಮನವರ ಕಣ್ಣು ಸಣ್ಣದಲ್ಲ. “ಮಡೀಲಿ ಅದೇನೇ ಅದು ರಬ್ಬರು?” ಎಂದುಬಿಟ್ಟರು. ರಾಯರು ಒಂದು ಇಡೀ ದಿನ ಯೋಚಿಸಿ ತೀರ್ಪು ಕೊಟ್ಟರು: ಗಡಿಯಾರವನ್ನು ಕಾಲಿಗೆ, ಸೀರೆಯ ಒಳಗೆ ಕಟ್ಟಿಕೊಳ್ಳತಕ್ಕದ್ದು, ಕಣ್ಣಿಗೆ ಬೀಳದ ಮೈಲಿಗೆ ಮೈಲಿಗೆಯೇ ಅಲ್ಲ. ಶಾಸ್ತ್ರ ಯಾರಿಗಾದರೂ ಹೀಗೆ ಬಗ್ಗಿಕೊಟ್ಟಿದೆಯೇ? ರಾಯರಿಗೆ ಕೊಡುತ್ತಿತ್ತು.

ಹೇಮಶ್ರೀ ಒಪ್ಪಿದ್ದು ಸುಮ್ಮನೆ ಅಲ್ಲ. ಮೊದಲನೆಯ ಬಹುಮಾನ ಒಂದು ಸೈಕಲ್ಲು. ಅದರ ಫೋಟೋ ರಾಯರ ಫೋನಿಗೆ ಬಂದಿತ್ತು: ನೀಲಿ ಬಣ್ಣ, ಮುಂದೊಂದು ಬುಟ್ಟಿ.

“ಗೆದ್ರೆ ಸೈಕಲ್ ನಂಗೆ,” ಎಂದಳು ಅವಳು.

“ನಿಂಗಾ? ಈ ವಯಸ್ಸಲ್ಲಾ?” ರಾಯರು ನಕ್ಕರು. “ತಗೋ ಮಾರಾಯ್ತಿ, ನಂಗ್ಯಾಕೆ ಅದು? ಗುರುರಾಯರ ಆಣೆ, ನಿಂದೇ.”

ಐವತ್ತೆರಡರ ಹೆಂಗಸಿಗೆ ಸೈಕಲ್ಲು ಏಕೆ ಬೇಕಿತ್ತೆಂದರೆ, ಅವಳ ಅಕ್ಕ ಚಾಮರಾಜಪೇಟೆಯಲ್ಲಿದ್ದಳು. ಇದ್ದ ಒಬ್ಬಳೇ ಅಕ್ಕ. ಅಷ್ಟು ಹತ್ತಿರಕ್ಕೆ ಆಟೋದವರು ಬರುವುದಿಲ್ಲ. ರಾಯರು ಸ್ಕೂಟರಿನಲ್ಲಿ ಕರೆದುಕೊಂಡು ಹೋದರೆ ಇಂಜಿನ್ ಆರಿಸುವುದಿಲ್ಲ. ಗೇಟಿನ ಹೊರಗೆ ನಿಂತು “ಐದೇ ನಿಮಿಷ” ಎನ್ನುತ್ತಾರೆ. ನಡೆದು ಹೋಗೋಣವೆಂದರೆ ಹೋಗಲು ಮುಕ್ಕಾಲು ಗಂಟೆ, ಬರಲು ಮುಕ್ಕಾಲು ಗಂಟೆ. ಅತ್ತೆಯ ತಿಂಡಿಯ ತಟ್ಟೆ ಇಳಿದು ಅಡಿಗೆಯಾಗಿ ಊಟದ ಎಲೆ ಹತ್ತುವುದರೊಳಗೆ ಅವಳಿಗೆ ಉಳಿಯುವುದು ಒಂದೂವರೆ ಗಂಟೆ. ನಡೆದರೆ ಅಕ್ಕನ ಬಾಗಿಲು ಮುಟ್ಟಿ ಹಿಂದಿರುಗಬಹುದು, ಅಷ್ಟೇ. ಸೈಕಲ್ಲಾದರೆ ಹತ್ತು ನಿಮಿಷ. ಒಂದು ಗಂಟೆ ಪೂರ್ತಿ ಅಕ್ಕನ ಎದುರು ಕೂರಬಹುದು. ಅವಳಿಗೆ ಬೇಕಿದ್ದದ್ದು ಆ ಒಂದು ಗಂಟೆ.

ಸೈಕಲ್ ಹತ್ತಬೇಕಾದರೆ ಮೊದಲು ಕಲಿಯಬೇಕಲ್ಲ. ಎದುರುಮನೆ ದೊಡ್ಡಬೈರಪ್ಪನವರ ಮೊಮ್ಮಗಳು ರಕ್ಷಿತಾ ದಿನಾ ಎಂಟಕ್ಕೆ ಸೈಕಲ್ ಮೇಲೆಯೇ ಕೆಲಸಕ್ಕೆ ಹೋಗುವ ಹುಡುಗಿ. ಹೇಮಶ್ರೀ ಕಸ ಗುಡಿಸುವ ನೆಪದಲ್ಲಿ ಅವಳನ್ನು ಗೇಟಿನ ಬಳಿ ಹಿಡಿದು ಕೇಳಿದಳು. ರಕ್ಷಿತಾ ನಗಲಿಲ್ಲ. “ಐದೂವರೆಗೆ ಬಂದ್ಬಿಡಿ ಆಂಟಿ,” ಎಂದಳು. ಆ ಹೊತ್ತಿಗೆ ರಾಯರು ಪಾರ್ಕಿನಲ್ಲಿರುತ್ತಾರೆ, ಅತ್ತೆ ಎದ್ದಿರುವುದಿಲ್ಲ, ಮಡಿಯ ಸ್ನಾನವೂ ಆಗಿರುವುದಿಲ್ಲ. ಮಗಳ ಹಳೆಯ ಚೂಡಿದಾರ ಹಾಕಿಕೊಂಡು, ಕಾಲಿಗೆ ಗಡಿಯಾರ ಕಟ್ಟಿಕೊಂಡು ಹೇಮಶ್ರೀ ಸ್ಕೂಲಿನ ಹಿಂದಿನ ರಸ್ತೆಗೆ ಹೋದಳು.

ರಕ್ಷಿತಾ ಸೀಟನ್ನು ಪೂರ್ತಿ ಇಳಿಸಿದಳು. “ಪೆಡಲ್ ಮರ್ತುಬಿಡಿ ಆಂಟಿ. ಮೊದಲು ಕಾಲಲ್ಲಿ ನೆಲ ತಳ್ತಾ ಬನ್ನಿ, ಅಷ್ಟೇ.” ನಾಲ್ಕು ದಿನ ಬರೀ ನೆಲ ತಳ್ಳಿದ್ದೇ ಆಯಿತು. ಐದನೆಯ ದಿನ ಪೆಡಲ್ ಮೇಲೆ ಕಾಲಿಟ್ಟಳು, ಆರನೆಯ ದಿನ ಸ್ಕೂಲಿನ ಕಾಂಪೌಂಡಿಗೆ ಹೋಗಿ ಬಡಿದು ಮೊಣಕೈ ತರಚಿಕೊಂಡಳು. ಮನೆಯಲ್ಲಿ ಕೇಳಿದವರಿಗೆ ಹಿತ್ತಿಲ ಪಾಚಿಯ ಮೇಲೆ ಜಾರಿದೆ ಎಂದಳು. ಪಾಪ, ಪಾಚಿ! ಅದರ ಮೇಲೆ ಯಾರು ಏನು ಹೊರಿಸಿದರೂ ಸುಮ್ಮನಿರುತ್ತದೆ.

“ಚಕ್ರ ನೋಡ್ಬೇಡಿ ಆಂಟಿ, ದೂರ ನೋಡಿ. ಎಲ್ಲಿ ನೋಡ್ತೀರೋ ಸೈಕಲ್ ಅಲ್ಲಿಗೇ ಹೋಗತ್ತೆ.”

ಇದೇ ಅವಳಿಗೆ ಎಲ್ಲಕ್ಕಿಂತ ಕಷ್ಟವಾದದ್ದು. ಹೆಣ್ಣುಮಗಳು ತಲೆ ತಗ್ಗಿಸಿ ನಡೆಯಬೇಕು ಎಂದು ತವರಿನಲ್ಲಿ ಹೇಳಿದ್ದರು. ತುಂಬಿದ ಪಾತ್ರೆ ತುಳುಕದ ಹಾಗೆ ಮೆಟ್ಟಿಲು ನೋಡಿಕೊಂಡು ಹತ್ತು ಎಂದು ಇಲ್ಲಿ ಹೇಳಿದ್ದರು. ದೂರ ನೋಡು ಎಂದು ಅವಳಿಗೆ ಹೇಳಿದವಳು ಈ ಇಪ್ಪತ್ತನಾಲ್ಕರ ಹುಡುಗಿಯೇ ಮೊದಲು.

ಇನ್ನೊಂದು ತಾಪತ್ರಯವೂ ಇತ್ತು. ಕಲಿತು ದಣಿದು ಬಂದ ದಿನ ಮೆಟ್ಟಿಲ ಓಡಾಟ ಸ್ವಲ್ಪ ಕಡಿಮೆಯಾಗುತ್ತಿತ್ತು. ಪೆಡಲ್ ತುಳಿದದ್ದನ್ನು ಗಡಿಯಾರ ಹೆಜ್ಜೆಯೆಂದು ಎಣಿಸುವುದಿಲ್ಲ. ರಾಯರು ಫೋನು ನೋಡಿ ಮುಖ ಗಂಟು ಹಾಕಿಕೊಳ್ಳುತ್ತಿದ್ದರು. “ಏನೇ ಇದು, ಬರೀ ಒಂಬತ್ತು ಸಾವಿರ? ನನ್ನ ಮರ್ಯಾದೆ ಏನಾಗ್ಬೇಕು?” ಅವರ ಮರ್ಯಾದೆಗೋಸ್ಕರ ಹೇಮಶ್ರೀ ಸಂಜೆ ಖಾಲಿ ಕೈಯಲ್ಲಿ ಹದಿನೈದು ಸಲ ತಾರಸಿಗೆ ಹತ್ತಿ ಇಳಿದಳು. ಮಂಡಿ ನೋವಿಗೆ ತಾನೇ ಎಣ್ಣೆ ಹಚ್ಚಿಕೊಂಡಳು.

ಹತ್ತೊಂಬತ್ತನೆಯ ಬೆಳಗ್ಗೆ ರಕ್ಷಿತಾ ಹಿಂದಿನಿಂದ ಕೈ ಬಿಟ್ಟದ್ದು ಹೇಮಶ್ರೀಗೆ ಗೊತ್ತಾಗಲಿಲ್ಲ. ರಸ್ತೆಯ ಕೊನೆ ಮುಟ್ಟಿ, ಬ್ರೇಕ್ ಹಿಡಿದು ತಿರುಗಿ ನೋಡಿದರೆ ಆ ಹುಡುಗಿ ಅಷ್ಟು ದೂರದಲ್ಲಿ ನಿಂತು ಎರಡೂ ಕೈ ಎತ್ತಿ ಕುಣಿಯುತ್ತಿದ್ದಾಳೆ. ಹೇಮಶ್ರೀಗೆ ಅಳು ಬಂತು, ನಗುವೂ ಬಂತು. ಮಗಳು ಹುಟ್ಟಿದ ದಿನ ಬಿಟ್ಟರೆ ಅಷ್ಟು ಸಂತೋಷ ಅವಳಿಗೆ ಆಗಿರಲಿಲ್ಲ. ಅವತ್ತೇ ಅಕ್ಕನಿಗೆ ಫೋನು ಮಾಡಿ, “ಇನ್ನು ಎರಡು ತಿಂಗಳು ಕಣೇ, ಆಮೇಲೆ ನಾನೇ ಬರ್ತೀನಿ, ಹೇಗೆ ಅಂತ ಕೇಳ್ಬೇಡ,” ಎಂದಳು. ಆ ಎರಡು ತಿಂಗಳೂ ಅವಳು ಒಂದು ಬೆಳಗ್ಗೆಯನ್ನೂ ಬಿಡಲಿಲ್ಲ.

ಇತ್ತ ಪಟ್ಟಿಯಲ್ಲಿ ರಾಯರು ಮೂವತ್ತಾರರಿಂದ ಹದಿನಾರಕ್ಕೆ, ಆರಕ್ಕೆ, ಕೊನೆಗೆ ಒಂದಕ್ಕೆ ಏರಿದರು. ಸಂಘದ ಕಾರ್ಯದರ್ಶಿ ರಾಮಸ್ವಾಮಿಗಳು ಒಮ್ಮೆ ಕೇಳಿಯೇ ಬಿಟ್ಟರಂತೆ: “ಏನ್ ಸ್ವಾಮಿ, ಪಾರ್ಕಲ್ಲಿ ನೋಡಿದ್ರೆ ಬೆಂಚ್ ಮೇಲಿರ್ತೀರಿ, ಫೋನಲ್ಲಿ ನೋಡಿದ್ರೆ ನಂಬರ್ ಒನ್ನು?” ರಾಯರು ಕಣ್ಣು ಮಿಟುಕಿಸದೆ, “ಮನೇಲಿ ಮೆಟ್ಟಿಲು ಹತ್ತಿ ಇಳೀತೀನಿ,” ಎಂದರಂತೆ. ಅದನ್ನು ಮನೆಗೆ ಬಂದು ಹೇಳಿ ತಾವೇ ನಕ್ಕರು.

ನೂರಾ ಒಂದನೆಯ ದಿನ, ಭಾನುವಾರ ಬೆಳಗ್ಗೆ, ಪಾರ್ಕಿನಲ್ಲಿ ಶಾಮಿಯಾನ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ, ವೇದಿಕೆಯ ಪಕ್ಕದಲ್ಲಿ ರಿಬ್ಬನ್ ಕಟ್ಟಿದ ನೀಲಿ ಸೈಕಲ್ಲು. ಹೇಮಶ್ರೀ ಮುಂದಿನ ಸಾಲಿನಲ್ಲಿ ಕೂತು ಸೈಕಲ್ಲಿನ ಸೀಟಿನ ಎತ್ತರವನ್ನೇ ನೋಡುತ್ತಿದ್ದಳು. ಎರಡು ಬೆರಳು ಇಳಿಸಿದರೆ ಸಾಕು ಅನ್ನಿಸಿತು. ರಾಯರು ಸಂಕಲ್ಪ, ಶಿಸ್ತು, ನಮ್ಮ ಹಿರಿಯರ ಆರೋಗ್ಯ ಎಂದು ಇಪ್ಪತ್ತು ನಿಮಿಷ ಮಾತಾಡಿದರು. ರಾಮಸ್ವಾಮಿಗಳು ದಂಪತಿಗಳು ಇಬ್ಬರೂ ಬರಲಿ ಎಂದು ಅವಳನ್ನೂ ಮೇಲಕ್ಕೆ ಕರೆದರು.

“ಅಮ್ಮಾ, ನೀವೂ ರಾಯರ ಜೊತೆ ಒಂದು ನಾಲ್ಕು ಹೆಜ್ಜೆ ಹಾಕ್ಬಾರ್ದಾ? ಮನೇಲೇ ಕೂತ್ರೆ ಮೈಗೆ ತುಕ್ಕು ಹಿಡಿಯತ್ತೆ!” ಎಂದರು ಮೈಕಿನಲ್ಲಿ. ಜನ ನಕ್ಕರು.

“ಅವಳಿಗೆ ಆಲಸ್ಯ ಸ್ವಾಮಿ,” ಎಂದರು ರಾಯರು. ಜನ ಇನ್ನೂ ಜೋರಾಗಿ ನಕ್ಕರು.

ಆ ನಗು ರಾಯರ ತಲೆಗೇರಿತೋ ಏನೋ, ಮೈಕನ್ನು ಮತ್ತೆ ಹಿಡಿದರು. “ಈ ಸೈಕಲ್ ನಂಗೆ ಬೇಡ. ಈ ಪಾರ್ಕನ್ನ ಮಗು ಥರ ನೋಡ್ಕೊಳ್ಳೋ ನಮ್ಮ ಮಾಲಿ ದೇವಯ್ಯನಿಗೆ ಇದನ್ನ ಕೊಡ್ತಿದೀನಿ. ನನ್ನ ಧರ್ಮಪತ್ನಿಯೇ ಕೀ ಕೊಡ್ತಾಳೆ.” ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಚಪ್ಪಾಳೆ ನಿಲ್ಲಲೇ ಇಲ್ಲ. ದಿನಾ ಎರಡು ಬಸ್ಸು ಬದಲಿಸಿ ಬರುವ ದೇವಯ್ಯ ನಂಬಲಾರದೆ ವೇದಿಕೆ ಹತ್ತಿದ. ಹೆಗಲ ಮೇಲಿನ ಟವೆಲ್ಲಿನಿಂದ ಸೀಟು ಒರೆಸಿದ. ಆ ಮನುಷ್ಯನ ಸಂತೋಷ ನೋಡಿದ ಮೇಲೆ ಹೇಮಶ್ರೀ ಬಾಯಿ ಬಿಡುವುದು ಹೇಗೆ? ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಅವಳು ಕೀ ಕೊಟ್ಟಳು. ಅದರ ಫೋಟೋ ತೆಗೆದರು.

ಮನೆಗೆ ಬಂದವಳೇ ಅವಳು ಬಾಗಿಲು ಹಾಕಿದಳು.

“ಗುರುರಾಯರ ಆಣೆ ಇಟ್ಟಿದ್ರಿ.”

“ದಾನ ಕೊಟ್ರೆ ಆಣೆ ದೋಷ ತಟ್ಟಲ್ಲ ಕಣೇ.”

“ನಂಗೆ ಸೈಕಲ್ ಬರತ್ತೆ. ಕಲ್ತಿದೀನಿ.”

“ಗೊತ್ತು,” ಎಂದರು ರಾಯರು, ಪೇಟ ತೆಗೆದು ಮೇಜಿನ ಮೇಲಿಡುತ್ತಾ. ಫೋನು ಅವಳ ಮುಖದ ಮುಂದೆ ಹಿಡಿದರು. ಅದರಲ್ಲಿ ಸಾಲಾಗಿ ಪುಟ್ಟ ಪುಟ್ಟ ಸೈಕಲ್ಲಿನ ಚಿತ್ರ, ಪಕ್ಕದಲ್ಲಿ ತಾರೀಖು, ಐದು ಮೂವತ್ತನಾಲ್ಕು, ಐದು ನಲವತ್ತು, ಇಷ್ಟಿಷ್ಟು ನಿಮಿಷ. “ಗಡಿಯಾರ ಎಲ್ಲಾ ಹೇಳತ್ತೆ. ಮೊದಲನೇ ದಿನದಿಂದ ಗೊತ್ತು.”

“ಗೊತ್ತಿದ್ದೂ ಕೊಟ್ರಾ?”

“ಗೊತ್ತಿದ್ದಕ್ಕೇ ಕೊಟ್ಟೆ. ನೀನು ಸೈಕಲ್ ಹತ್ತಿ ಊರು ಸುತ್ತಿದ್ರೆ ಅಮ್ಮನ್ನ ಯಾರು ನೋಡ್ತಾರೆ? ಅಲ್ದೆ ಸೈಕಲ್ ಮೇಲೆ ಒಂದು ಹೆಜ್ಜೇನೂ ಬೀಳಲ್ಲ. ನಾಳೆಯಿಂದ ಎರಡನೇ ಸ್ಪರ್ಧೆ ಶುರು.”

ಅವಳಿಗೆ ಮೈಯೆಲ್ಲ ಉರಿಯಿತು. ಮೊಣಕೈ ತರಚಿಕೊಂಡು ಬಂದ ದಿನ ಅವರು “ಹಿತ್ತಿಲಲ್ಲಿ ನೋಡ್ಕೊಂಡು ನಡಿಬಾರ್ದಾ” ಎಂದಿದ್ದರು. ಗೊತ್ತಿದ್ದೇ ಎಂದಿದ್ದರು.

ಸೋಮವಾರ ಬೆಳಗ್ಗೆ ಹೇಮಶ್ರೀ ಅತ್ತೆಗೆ ತಿಂಡಿ ಕೊಟ್ಟು ಕೆಳಗಿಳಿದಳು. ಒಲೆ ಹಚ್ಚಲಿಲ್ಲ. ತನ್ನ ಫೋನನ್ನು ಅಡಿಗೆಮನೆಯ ಗೂಡಿನಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿ, ಗೇಟು ತೆಗೆದು ನಡೆದಳು. ಬುಲ್ ಟೆಂಪಲ್ ರಸ್ತೆ ಹಿಡಿದು, ರಾಮಕೃಷ್ಣಾಶ್ರಮ ದಾಟಿ, ಬಿರುಸಾಗಿ ನಡೆದಳು. ಅಕ್ಕ ಬಾಗಿಲು ತೆಗೆದು ಅವಳ ಬೆನ್ನ ಹಿಂದೆ ಸ್ಕೂಟರಿಗಾಗಿ ಹುಡುಕಿದಳು. “ಯಾರೂ ಇಲ್ಲ. ನಾನೊಬ್ಳೇ,” ಎಂದಳು ಹೇಮಶ್ರೀ. ಇಬ್ಬರೂ ಊಟ ಮಾಡಿದರು. ನಡೆದೇ ಚಿಕ್ಕಪೇಟೆಗೆ ಹೋಗಿ, ಏನೂ ಕೊಳ್ಳದೆ ಹತ್ತು ಅಂಗಡಿ ನೋಡಿ, ನಡೆದೇ ಬಂದರು. ಹನ್ನೆರಡೂವರೆ ಯಾವಾಗಲೋ ಕಳೆದುಹೋಗಿತ್ತು. ಕಳೆಯಲಿ ಅನ್ನಿಸಿತು ಅವಳಿಗೆ.

ಹಿಂದಿರುಗುವ ದಾರಿಯುದ್ದಕ್ಕೂ ಅವಳು ಮಾತು ಕಟ್ಟುತ್ತಾ ಬಂದಳು. ಇಪ್ಪತ್ತೊಂಬತ್ತು ವರ್ಷ ಆಡದೆ ಉಳಿಸಿಕೊಂಡ ಮಾತುಗಳು. ಅವರು ಬೈಯಲಿ, ಕೂಗಾಡಲಿ, ಅದೇ ಬೇಕಾಗಿತ್ತು. ಬೀದಿಯವರೆಲ್ಲ ಬಾಗಿಲಿಗೆ ಬಂದು ಕೇಳಲಿ, ಯಾರ ಹೆಜ್ಜೆಗೆ ಯಾರು ಪೇಟ ಸುತ್ತಿಸಿಕೊಂಡರೆಂದು.

ಸಂಜೆ ಐದಕ್ಕೆ ಗೇಟಿನ ಹತ್ತಿರ ಬಂದಾಗ ರಾಯರು ಹೊರಗೇ ನಿಂತಿದ್ದರು. ಮುಖ ಕೆಂಡವಾಗಿತ್ತು.

“ಎಲ್ಲಿಗೆ ಹೋಗಿದ್ದೆ? ಅಮ್ಮ ಮಧ್ಯಾಹ್ನ ಎರಡು ಬಾಳೆಹಣ್ಣಲ್ಲಿ ಇದ್ದಾಳೆ! ಹೇಳೋರಿಲ್ಲ ಕೇಳೋರಿಲ್ಲ ಅಂತ…”

ಅವರ ಕೈಯಲ್ಲಿದ್ದ ಫೋನು ಟಿಂಗ್ ಎಂದಿತು. ಸೀರೆಯ ಒಳಗೆ, ಕಾಲಿನಲ್ಲಿ, ಬೆಳಗ್ಗೆ ಅಭ್ಯಾಸಬಲದಿಂದ ಕಟ್ಟಿಕೊಂಡು ಹೊರಟಿದ್ದ ಗಡಿಯಾರ ಫೋನಿನ ಸಮೀಪಕ್ಕೆ ಬಂದು, ದಿನದ ವರದಿ ಒಪ್ಪಿಸಿತ್ತು. ರಾಯರು ಮಾತು ನಿಲ್ಲಿಸಿ ನೋಡಿದರು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದರು. ಮುಖದ ಕೆಂಪು ಹಾಗೇ ಇಳಿಯಿತು.

“ಹತ್ತೊಂಬತ್ತು ಸಾವಿರ! ಒಂದೇ ದಿನಕ್ಕೆ! ಭೇಷ್ ಹೇಮಾ! ಎಲ್ಲಿ, ಅಕ್ಕನ ಮನೆಗಾ? ನಡ್ಕೊಂಡೇನಾ?” ಎಂದರು. “ಹೋಗು, ಬೇಡ ಅಂದವರ್ಯಾರು? ವಾರಕ್ಕೆ ಎರಡು ಸಲ ಹೋಗ್ಬಾ. ಅಮ್ಮಂಗೆ ಆ ದಿನ ನಾನೇ ಅವಲಕ್ಕಿ ಕಲಸ್ಕೊಡ್ತೀನಿ.”

ಹೇಮಶ್ರೀ ಗೇಟು ಹಿಡಿದು ನಿಂತಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಒಂದೂ ಇದಕ್ಕೆ ಉತ್ತರವಾಗಿರಲಿಲ್ಲ. ರಾಯರು ಆಗಲೇ ಚಪ್ಪಲಿ ಮೆಟ್ಟಿಕೊಂಡು, ಅವಳನ್ನು ದಾಟಿ, ಫೋನು ಹಿಡಿದು ರಾಮಸ್ವಾಮಿಗಳ ಮನೆಯ ಕಡೆಗೆ ಹೊರಟಿದ್ದರು.